ಕುತ್ತಿಗೆ ನೋಡುವ ಅತ್ತೆ

ನಮ್ಮ ಸೋದರತ್ತೆ ಇದುವರೆಗೆ ಯಾರ ಮುಖವನ್ನೂ ಸರಿಯಾಗಿ ನೋಡಿದವಳಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಆಕೆಯ ಕಣ್ಣು ಮೊದಲು ಹೋಗುವುದು ಕುತ್ತಿಗೆಗೆ. ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ, ಹಾರ್ಮೋನು ತೊಂದರೆ ನೋಡುವ ಡಾಕ್ಟರ ಕೈಕೆಳಗೆ ಆಕೆ ನರ್ಸ್. ಥೈರಾಯ್ಡ್ ಗ್ರಂಥಿ ಇರುವುದು ಕುತ್ತಿಗೆಯಲ್ಲಿ, ಹೀಗಾಗಿ ಮನುಷ್ಯನ ಉಳಿದ ಭಾಗವೆಲ್ಲ ಆ ಕುತ್ತಿಗೆಯನ್ನು ಹೊತ್ತು ತಿರುಗಲು ಮಾಡಿದ ಏರ್ಪಾಡು ಎಂಬುದು ಆಕೆಯ ನಂಬಿಕೆ.

ಕುಳಿತಲ್ಲಿ ಕೂಡುವ ಜೀವವಂತೂ ಅಲ್ಲ. ಮುಧೋಳದಲ್ಲಿ ಒಂದು ಮದುವೆಗೆ ಹೋಗಿದ್ದೆವು. ವರನ ಕಡೆಯ ಹಿರಿಯರೊಬ್ಬರು ಪಾಪ, ಉಪಚಾರಕ್ಕೆಂದು ಅತ್ತೆಯನ್ನು ಕೇಳಿದರು: "ಹುಡುಗಿ ಹ್ಯಾಂಗದಾಳ್ರಿ ಬಾಯಾರ?"

"ಕುತ್ತಿಗಿ ಛಲೋ ಐತ್ರಿ. ರಕ್ತ ಸ್ವಲ್ಪ ಕಡಿಮಿ ಕಾಣತೈತಿ."

ವಧೂವರರ ತಲೆಯ ಮೇಲೆ ಅಕ್ಕಿಕಾಳು ಬೀಳುವುದು ಹತ್ತು ನಿಮಿಷ ತಡವಾಯಿತು. ಹುಡುಗಿಯ ಅಪ್ಪನಿಗೆ ಸಮಾಧಾನ ಹೇಳಲು ನನ್ನನ್ನು ಬಿಟ್ಟು, ಅತ್ತೆ ಅಡಿಗೆಯವರ ಕುತ್ತಿಗೆ ನೋಡಲು ಹೋಗಿದ್ದಳು.

ಇನ್ನೊಮ್ಮೆ ಬೀಳಗಿ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳಿದರೆ ಈಕೆ, "ಒಮ್ಮೆ ಉಗುಳು ನುಂಗ್ರಿ, ನೋಡೋಣ" ಅಂದಳು. ಥೈರಾಯ್ಡಿನಲ್ಲಿ ಗಂಟಿದ್ದರೆ ನುಂಗುವಾಗ ಕಾಣುತ್ತದಂತೆ. ಆತ ಗಾಬರಿಯಿಂದ ನುಂಗಿದ. ಏನೂ ಹೇಳದೆ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಬೀಳಗಿ ಬರುವಷ್ಟರಲ್ಲಿ ಅರ್ಧ ಬಸ್ಸು ಉಗುಳು ನುಂಗುತ್ತಿತ್ತು. ವಾರದ ನಂತರ ಕಂಡಕ್ಟರ್ ತಾನೇ ಆಸ್ಪತ್ರೆಗೆ ಬಂದ. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ.

"ಮೂರು ದಿನ ಊಟ ಗಂಟಲದಾಗ ಇಳೀಲಿಲ್ಲರಿ, ನಿಮ್ಮ ಸಲುವಾಗಿ" ಎಂದು ಸಿಟ್ಟಾದ.

"ಗಂಟು ಇದ್ದಿದ್ರೂ ಊಟ ಇಳೀತಿತ್ತು. ಇಳೀಲಿಲ್ಲ ಅಂದ್ರ ಬರೇ ಹೆದರಿಕಿ. ಅದಕ್ಕ ಔಷಧ ಇಲ್ಲರಿ ನಮ್ಮಲ್ಲಿ."

ಇಂಥವಳ ಕೈಗೆ ಡಾಕ್ಟರು ಒಂದು ಸಂಶೋಧನೆಯನ್ನೇ ಕೊಟ್ಟರು. ವಿಷಯ ಸರಳ. ಥೈರಾಯ್ಡ್ ಕಡಿಮೆ ಇರುವ ಹೆಣ್ಣುಮಕ್ಕಳು ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಗುಳಿಗೆ ನುಂಗಬೇಕು, ಮುಂದೆ ಅರ್ಧ ತಾಸಾದರೂ ಚಹಾ ಮುಟ್ಟಬಾರದು. ಬಹಳ ಮಂದಿ ನಡುವೆ ಬಿಟ್ಟುಬಿಡುತ್ತಾರೆ. ತಿಂಗಳಿಗೊಮ್ಮೆ ನರ್ಸ್ ಮನೆಗೇ ಹೋಗಿ ಮಾತಾಡಿಸಿದರೆ ಬಿಡದೆ ತಗೊಳ್ಳುತ್ತಾರೋ ಇಲ್ಲವೋ, ಅದನ್ನು ನೋಡಬೇಕಿತ್ತು. ತಿಂಗಳಿಗೊಮ್ಮೆ ಎಂದು ಬರೆದದ್ದು ಡಾಕ್ಟರು. ಅತ್ತೆ ಅದನ್ನು ವಾರಕ್ಕೊಮ್ಮೆ ಎಂದು ಓದಿಕೊಂಡಳು. ಆಕೆಗೆ ಗಾಡಿ ಓಡಿಸಲು ಬರುವುದಿಲ್ಲ. ಬನಹಟ್ಟಿಯಲ್ಲಿ ಸಾಲಿ ಮಾಸ್ತರನಾದ ನನಗೆ ರವಿವಾರ ರಜೆ ಇರುತ್ತದೆ. ಮುಂದಿನದನ್ನು ನೀವೇ ಊಹಿಸಿಕೊಳ್ಳಿ.

ರಬಕವಿಯ ಒಂದು ನೇಕಾರರ ಮನೆಯಲ್ಲಿ, ಪಾವರ್‌ಲೂಮಿನ ಸದ್ದಿನ ನಡುವೆ, ನೂಲು ಸುತ್ತುತ್ತಿದ್ದ ಅಜ್ಜಿಗೆ ಅತ್ತೆ ಸಂಶೋಧನೆಗೆ ಸೇರುವ ಒಪ್ಪಿಗೆ ಪತ್ರ ಓದಿ ಹೇಳಿದಳು. ಓದಿದ್ದಲ್ಲ, ಒದರಿದ್ದು. ಮಗ್ಗ ನಿಲ್ಲಿಸುವಂತಿರಲಿಲ್ಲ, ಪತ್ರದ ಒಂದಕ್ಷರವನ್ನೂ ಅತ್ತೆ ಬಿಡುವಂತಿರಲಿಲ್ಲ.

"ಯಾವಾಗ ಬೇಕಾದ್ರೂ ನೀವು ಬಿಟ್ಟು ಹೋಗಬಹುದು. ಕಾರಣ ಹೇಳಬೇಕಾಗಿಲ್ಲ. ಯಾರೂ ಸಿಟ್ಟಾಗೂದಿಲ್ಲ."

ಅಜ್ಜಿ ಕೈ ನಿಲ್ಲಿಸಿದಳು. "ಇನ್ನೊಮ್ಮಿ ಓದ್ರಿ ಬಾಯಾರ."

ಅತ್ತೆ ಮತ್ತೆ ಓದಿದಳು.

"ಈ ಮನಿಗೆ ಬಂದು ಐವತ್ತು ವರ್ಷಾತು. ಈ ಮಾತು ನನಗ ಯಾರೂ ಹೇಳಿದ್ದಿಲ್ಲ" ಎಂದು ಅಜ್ಜಿ ಹೆಬ್ಬೆಟ್ಟು ಮುಂದೆ ಮಾಡಿದಳು.

ಎಲ್ಲ ಸುರಳೀತ ನಡೆದಿತ್ತು. ಸಂಶೋಧನೆಯ ಐದನೆಯ ತಿಂಗಳಲ್ಲಿ, ಅದರಲ್ಲಿದ್ದ ಬನಹಟ್ಟಿಯ ಒಬ್ಬ ಸೊಸೆ ಕಾಣೆಯಾದಳು. ತವರಿಗೆ ಹೋಗಿದ್ದಾಳೆ ಎಂದಷ್ಟೇ ಗಂಡನ ಮನೆಯವರು ಹೇಳಿದರು. ಫೋನು ಬಂದ್. ಅತ್ತೆಯ ದಾಖಲೆ ಪುಸ್ತಕದಲ್ಲಿ ಆ ತಿಂಗಳ ಆಕೆಯ ಸಾಲು ಖಾಲಿ ಉಳಿಯಿತು.

"ಹೋದ ತಿಂಗಳದ್ದ ಬರೀರಿ ಸಿಸ್ಟರ್, ಏನಾಗತೈತಿ?" ಎಂದ ಹೊಸದಾಗಿ ಬಂದಿದ್ದ ಕಿರಿಯ ಡಾಕ್ಟರ.

"ಹೋದ ತಿಂಗಳ ಊಟ ಮಾಡೀರಲ್ಲ ಸಾಹೇಬ್ರ, ಈ ತಿಂಗಳ ಬ್ಯಾಡೇನು?"

ಅದೇ ಮಧ್ಯಾಹ್ನ ಅತ್ತೆ ನನ್ನ ಸಾಲಿಯ ಬಾಗಿಲಲ್ಲಿ ಬಂದು ನಿಂತಳು. ಸೊಸೆಯ ತವರೂರು ರನ್ನ ಬೆಳಗಲಿ ಅಂತ ಪತ್ತೆ ಹಚ್ಚಿಕೊಂಡೇ ಬಂದಿದ್ದಳು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುತ್ತ ಹೊರಟೆವು. ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ.

"ಅತ್ತಿ, ಬಿಟ್ಟು ಹೋಗಬಹುದು ಅಂತ ನೀನ ಓದಿ ಹೇಳಿದಿ. ಈಗ ಬೆನ್ನು ಹತ್ತಿ ಹೋಗೂದ್ಯಾಕ?"

"ಸಂಶೋಧನಿ ಬಿಡಲಿ ಲೇ, ಯಾರು ಬ್ಯಾಡಂತಾರ. ಗುಳಗಿ ಬಿಡಬಾರದು."

ಹೊಸ್ತಿಲಲ್ಲಿ ಆ ಹುಡುಗಿಯ ತಾಯಿ ಅಡ್ಡ ನಿಂತಿದ್ದಳು. ಒಳಗೆ ಗೋಡೆಗೆ ಒರಗಿ ಕುಳಿತ ಮಗಳ ಮುಖ ಊದಿಕೊಂಡಿತ್ತು, ಮಾತು ನಿಧಾನವಾಗಿತ್ತು. ಮೂರು ತಿಂಗಳ ಬಸುರಿ. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ.

"ಬಸರಿದ್ದಾಗ ಗುಳಗಿ ತಿನ್ನಬಾರದಂತ ಮಂದಿ ಹೇಳ್ಯಾರ್ರಿ. ನಾನ ಬಿಡಿಸೀನಿ" ಎಂದಳು ತಾಯಿ.

ಅತ್ತೆ ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡೆ. ಆಕೆ ಚಪ್ಪಲಿ ಬಿಟ್ಟು, ನೆಲದ ಮೇಲೆ ಕುಳಿತು, ಮೆಲ್ಲಗೆ ಹೇಳಿದಳು. "ಕೂಸಿಂದು ಸ್ವಂತ ಥೈರಾಯ್ಡ್ ಇನ್ನೂ ಕೆಲಸಕ್ಕ ಹತ್ತಿಲ್ಲಬೇ. ಅಲ್ಲೀ ತನಕ ಅದು ತಾಯಿ ಹಾರ್ಮೋನನ್ನ ತಗೋತೈತಿ. ಅದರ ಮಿದುಳು ಬೆಳಿಯೂದು ಅದರ ಮ್ಯಾಲ. ನೀವು ಗುಳಗಿ ಬಿಡಿಸಿದ್ದು ಮಗಳಿಗಷ್ಟ ಅಲ್ಲ, ಕೂಸಿಗೂ ಬಿಡಿಸೀರಿ."

 ತಾಯಿ ಅಡಿಗೆಮನೆಗೆ ಹೋಗಿ ಜೋಳದ ಡಬ್ಬಿಯಲ್ಲಿ ಕೈ ಹಾಕಿ, ಬಚ್ಚಿಟ್ಟಿದ್ದ ಗುಳಿಗೆ ತಂದು ಅತ್ತೆಯ ಉಡಿಯಲ್ಲಿ ಹಾಕಿದಳು. "ನನಗೇನ್ ಗೊತ್ರಿ ಯವ್ವಾ" ಎಂದು ಅಳತೊಡಗಿದಳು. ಅತ್ತೆ ಅಲ್ಲಿಯೇ ರಕ್ತ ತೆಗೆದು, ಡಾಕ್ಟರಿಗೆ ಫೋನು ಹಚ್ಚಿ, ಈಗ ಎಷ್ಟು ಕೊಡಬೇಕೆಂದು ಕೇಳಿ ಬರೆದುಕೊಟ್ಟಳು. ಖಾಲಿ ಸಾಲಿನಲ್ಲಿ "ಗುಳಿಗೆ ನಿಲ್ಲಿಸಿದ್ದರು" ಎಂದು ಇದ್ದದ್ದನ್ನು ಇದ್ದ ಹಾಗೆ ತುಂಬಿದಳು.

ಮುಂದಿನ ಆರು ತಿಂಗಳು ದಿನಾ ಬೆಳಿಗ್ಗೆ ರನ್ನ ಬೆಳಗಲಿಗೆ ಫೋನು. "ನುಂಗಿದಿ? ಚಹಾ ಕುಡದಿಲ್ಲ ಹೌದಿಲ್ಲೋ?" ಆ ಹುಡುಗಿ ಒಮ್ಮೊಮ್ಮೆ ಬೇಸತ್ತು ಗುಳಿಗೆ ನುಂಗುವ ಸದ್ದನ್ನೇ ಕೇಳಿಸಿ ಫೋನು ಇಡುತ್ತಿದ್ದಳಂತೆ. ಆಕೆಯ ಪ್ರತಿ ರಕ್ತಪರೀಕ್ಷೆಯ ಹಿಂದಿನ ದಿನ ಅತ್ತೆ ಊಟ ಬಿಟ್ಟು ಮನೆತುಂಬ ತಿರುಗುತ್ತಿದ್ದಳು. ಇಷ್ಟು ಮೈಮೇಲೆ ಹಚ್ಚಿಕೊಂಡರೆ ಹ್ಯಾಗೆ ಎಂದು ನಾವೆಲ್ಲ ಬೈದೆವು. ಕೇಳಿದಳೇ?

ಹೆರಿಗೆ ಜಮಖಂಡಿಯಲ್ಲೇ ಆಯಿತು. ಹೆಣ್ಣುಕೂಸು. ಮೂರನೆಯ ದಿನ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ ಒಂದೆರಡು ಹನಿ ರಕ್ತ ತೆಗೆಯಬೇಕು, ಥೈರಾಯ್ಡ್ ನೋಡಲು. ವರದಿ ಸರಿಯಾಗಿಯೇ ಬಂತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಅಂದು ಅತ್ತೆಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಚುಚ್ಚುವ ಮೊದಲು ಕಾಲು ಬೆಚ್ಚಗೆ ಮಾಡಬೇಕಂತೆ, ಇಲ್ಲದಿದ್ದರೆ ರಕ್ತ ಬರುವುದಿಲ್ಲ. ಅತ್ತೆ ಆ ಪುಟ್ಟ ಕಾಲನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು ನಿಂತಿದ್ದಳು.

"ಅಕ್ಕಾ, ಬೆಚ್ಚಗಾಗಿರಬೇಕು" ಎಂದಳು ಪಕ್ಕದಲ್ಲಿದ್ದ ಎಳೆಯ ನರ್ಸ್.

"ಇನ್ನೂ ಆಗಿಲ್ಲ."

ಐದು ನಿಮಿಷ ಕಳೆಯಿತು. ಹತ್ತಾಯಿತು. ಎಷ್ಟು ಸಾವಿರ ಸಲ ಸೂಜಿ ಹಿಡಿದ ಕೈಯೋ ಅದು. ಕೊನೆಗೆ ಅತ್ತೆ ಸೂಜಿಯನ್ನು ಆ ಎಳೆಯ ನರ್ಸಿನ ಕಡೆ ಸರಿಸಿದಳು.

"ನೀನ ಚುಚ್ಚವಾ. ನಾ ಕಾಲ ಹಿಡೀತೇನಿ."