ಸುಲೋಚನಕ್ಕನ ಉತ್ತರಕ್ಕೆ ಪ್ರಾಯೋಜಕರು

ಕದ್ರಿಯಿಂದ ಪ್ರಕಟವಾಗುವ 'ಮಂದಾರಸಖಿ' ಮಹಿಳಾ ವಾರಪತ್ರಿಕೆಯಲ್ಲಿ ಉತ್ತರಗಳು ಸೋಮವಾರ ಬರುತ್ತವೆ, ಪ್ರಶ್ನೆಗಳು ಮಂಗಳವಾರ ತಯಾರಾಗುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೂ ವಿವರಿಸುತ್ತೇನೆ, ಯಾಕೆಂದರೆ ವಿವರಿಸದಿದ್ದರೆ ಕೆಲವರಿಗೆ ತಪ್ಪು ಎಂದು ಕಾಣಬಹುದು.

'ಸುಲೋಚನಕ್ಕನ ಮಡಿಲು' ನಮ್ಮ ಪತ್ರಿಕೆಯ ಅತ್ಯಂತ ಜನಪ್ರಿಯ ಅಂಕಣ. ಓದುಗಿಯರು ಕಷ್ಟ ಹೇಳಿಕೊಳ್ಳುತ್ತಾರೆ, ಸುಲೋಚನಕ್ಕ ಪರಿಹಾರ ಸೂಚಿಸುತ್ತಾರೆ. ಪರಿಹಾರ ಎಂದರೆ ತಲೆಗೆ ಹಚ್ಚುವ ಎಣ್ಣೆ, ಮುಖಕ್ಕೆ ಹಚ್ಚುವ ಕ್ರೀಮು, ಮಿಕ್ಸಿ ಇತ್ಯಾದಿ. ಇವನ್ನು ಮಾರುವ ಕಂಪೆನಿಗಳು ಜಾಹೀರಾತಿನ ಜೊತೆಗೆ ಉತ್ತರವನ್ನೂ ಕಳಿಸುತ್ತವೆ. ಆ ಉತ್ತರಕ್ಕೆ ಹೊಂದುವ ಕಷ್ಟವನ್ನು ಉಪಸಂಪಾದಕಿಯಾದ ನಾನು ಬರೆಯುತ್ತೇನೆ. ಓದುಗಿಯರು ತಾವಾಗಿ ಕಳಿಸುವ ಕಷ್ಟಗಳೂ ಇರುತ್ತವೆ. ಆದರೆ ಅವಕ್ಕೆ ಯಾವ ಅಂಗಡಿಯಲ್ಲಿಯೂ ಪರಿಹಾರ ಸಿಗುವುದಿಲ್ಲವಾದ್ದರಿಂದ, ಅವನ್ನು ಪ್ರಕಟಿಸಿ ಉಳಿದವರಿಗೆ ನಿರಾಸೆ ಉಂಟುಮಾಡುವುದು ಸರಿಯಲ್ಲ ಎಂಬುದು ಆಡಳಿತದ ಅಭಿಪ್ರಾಯ.

ಸುಲೋಚನಕ್ಕ ಎಂದರೆ ಅಲ್ಫೋನ್ಸ್. ಅವರಿಗೆ ಮದುವೆಯಾಗಿಲ್ಲ, ದಪ್ಪ ಮೀಸೆ ಉಂಟು. ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು: 'ಅಕ್ಕ' ಎಂಬುದು ನಮ್ಮ ಕಚೇರಿಯಲ್ಲಿ ಸಂಬಂಧವಲ್ಲ, ಹುದ್ದೆ. ಅಂಕಣದ ಮೇಲಿರುವ ಕನ್ನಡಕದ ಹೆಂಗಸಿನ ಚಿತ್ರ, ಸಂಪಾದಕರು ಒಂದು ಫೋಟೊ ಫ್ರೇಮು ಕೊಂಡಾಗ ಅದರೊಳಗೇ ಇದ್ದದ್ದು.

ಸಂಪಾದಕ ಶೈಲೇಶ್ ಸರ್ ಗೋಡೆಗೆ ಅಂಟಿಸಿರುವ ಸೂಚನೆ ಹೀಗಿದೆ: 'ಓದುಗಿಯು ಮುಖಪುಟದಲ್ಲಿ ನಗತಕ್ಕದ್ದು. ಎಂಟನೇ ಪುಟದಲ್ಲಿ ತನ್ನಲ್ಲಿ ಏನೋ ಕೊರತೆಯಿದೆ ಎಂದು ಅರಿಯತಕ್ಕದ್ದು. ಹನ್ನೆರಡನೇ ಪುಟದಲ್ಲಿ ಆ ಕೊರತೆಯನ್ನು ನೀಗಿಸುವ ವಸ್ತು ಎಲ್ಲಿ ಸಿಗುತ್ತದೆ ಎಂದು ತಿಳಿದು ಸಮಾಧಾನ ಹೊಂದತಕ್ಕದ್ದು. ಸದರಿ ಸಮಾಧಾನವು ಮುಂದಿನ ಸಂಚಿಕೆಯವರೆಗೆ ಮಾತ್ರ ಊರ್ಜಿತವಾಗಿರುತ್ತದೆ.'

ಹೀಗೆ ಎಲ್ಲವೂ ಕ್ರಮವಾಗಿ ನಡೆಯುತ್ತಿರುವಾಗ ಒಂದು ಮಂಗಳವಾರ ಉರ್ವದಿಂದ ರತ್ನಾವತಿ ಎಂಬ ಓದುಗಿ ನಿಜವಾದ ಕಷ್ಟವನ್ನು ಹಿಡಿದುಕೊಂಡು ಖುದ್ದು ಕಚೇರಿಗೆ ಬಂದರು.

"ಸುಲೋಚನಕ್ಕ ಇದ್ದಾರಾ?"

ಅಲ್ಫೋನ್ಸ್ ಎದ್ದು ನಿಂತರು. "ನಾನೇ. ಕೂತ್ಕೊಳ್ಳಿ ತಂಗಿ."

ರತ್ನಾವತಿ ಅವರ ಮೀಸೆಯನ್ನು ನೋಡಿದರು, ಗೋಡೆಯ ಫ್ರೇಮಿನಲ್ಲಿದ್ದ ಕನ್ನಡಕದ ಹೆಂಗಸಿನ ಫೋಟೊವನ್ನು ನೋಡಿದರು. "ಎಂತ ಮಾರಾಯ್ರೆ, ನಮ್ಮ ಅತ್ತೆ ನಿಮ್ಮ ಫೋಟೊ ಕತ್ತರಿಸಿ ದೇವರ ಹತ್ತಿರ ಇಟ್ಟಿದ್ದಾರೆ!" ಎಂದರು. ಸ್ವಲ್ಪ ಯೋಚಿಸಿ, "ಆಯ್ತಕ್ಕ, ನಾನು ಅತ್ತೆಗೆ ಹೇಳಲಿಕ್ಕೆ ಹೋಗುವುದಿಲ್ಲ," ಎಂದು ಕುಳಿತರು.

ಅವರ ಕಷ್ಟ ಇದು. ಅವರ ಮನೆಗೆ ರಸ್ತೆ ಬದಿಯಲ್ಲಿ ಒಂದು ಕೋಣೆ ಉಂಟು. ಅದರಲ್ಲಿ ಅವರು ಟೈಲರಿಂಗ್ ಅಂಗಡಿ ನಡೆಸುತ್ತಾರೆ. ದುಬೈಯಿಂದ ಬಂದ ಮೈದುನ ರೂಪೇಶನಿಗೆ ಮೊಬೈಲ್ ಅಂಗಡಿ ತೆರೆಯಲು ಅದೇ ಕೋಣೆ ಬೇಕಂತೆ. ಮಸ್ಕತ್ತಿನಲ್ಲಿರುವ ಗಂಡ, ಅಮ್ಮ ಹೇಳಿದ ಹಾಗೆ ಎನ್ನುತ್ತಾರೆ. ಅಮ್ಮ, ಅಂದರೆ ರತ್ನಾವತಿಯವರ ಅತ್ತೆ ದೇಯಿಯಮ್ಮ, ಸುಲೋಚನಕ್ಕ ಹೇಳಿದ ಹಾಗೆ ಎನ್ನುತ್ತಾರೆ.

"ಈ ವಾರದ ಸಂಚಿಕೆಯಲ್ಲೇ ಬರಬೇಕಕ್ಕ. ಮುಂದಿನ ವಾರ ಆಚಾರಿ ಬಂದು ಗಾಜಿನ ಕಪಾಟಿಗೆ ಅಳತೆ ತೆಗೀತಾನೆ. 'ಅಂಗಡಿ ಬಿಡಬೇಡ' ಅಂತ ಒಂದು ಗೆರೆ ಬರೆದ್ರೆ ಸಾಕು. ಅದು ಹೋದ್ರೆ ನನಗೆ ನನ್ನದು ಅಂತ ಬೇರೆ ಎಂತ ಉಂಟು?"

ಅಲ್ಫೋನ್ಸ್ ಪೆನ್ನು ತೆಗೆದರು. ಶೈಲೇಶ್ ಸರ್ ಒಳಗಿನಿಂದ ಬಂದು ಪೆನ್ನನ್ನು ಮುಚ್ಚಿಸಿದರು.

"ಈ ವಾರ ನಮ್ಮಲ್ಲಿ ಎರಡೇ ಉತ್ತರ ಉಂಟು," ಎಂದು ಅವರು ಸೌಜನ್ಯದಿಂದ ತಿಳಿಸಿದರು. "ನೆಲ್ಲಿಕಾಯಿ ಎಣ್ಣೆ ಮತ್ತು ಮಿಕ್ಸಿ. ನಿಮಗೆ ಕೂದಲು ಉದುರ್ತದಾ?"

"ಇಲ್ಲ ಸರ್."

"ಅಂಗಡಿ ಹೋದರೆ ಚಿಂತೆಯಿಂದ ಉದುರಬಹುದಲ್ವಾ?"

"ಆವಾಗ ಎಣ್ಣೆ ಹಚ್ಚುವ ಸರ್. ಈಗ ಅಂಗಡಿಯದ್ದು ಹೇಳಿ."

"ಮಿಕ್ಸಿ ಹೇಗುಂಟು?"

"ಮಿಕ್ಸಿ ಒಳ್ಳೆದುಂಟು. ಅತ್ತೆಯೂ ಒಳ್ಳೆದುಂಟು. ಮೈದುನನ ಮಂಡೆ ಮಾತ್ರ ಸರಿ ಇಲ್ಲ."

ಸುಲೋಚನಕ್ಕ ಪ್ರಾಯೋಜಕರಿಲ್ಲದೆ ಉತ್ತರಿಸುವ ಪದ್ಧತಿ ಇಲ್ಲ. ಒಬ್ಬರಿಗೆ ಹಾಗೆ ಉತ್ತರಿಸಿದರೆ ಉಳಿದ ಹೆಂಗಸರೂ ತಮ್ಮ ಕಷ್ಟಗಳನ್ನು ಹೊತ್ತು ಬರಬಹುದು, ಮತ್ತು ಕಚೇರಿಯಲ್ಲಿ ಕುರ್ಚಿಗಳು ಕಡಿಮೆ. ಆದ್ದರಿಂದ ಶೈಲೇಶ್ ಸರ್ 'ಅಂಗಡಿ ಬಿಡಬೇಡ' ಎಂಬ ಉತ್ತರಕ್ಕೆ ಪ್ರಾಯೋಜಕರನ್ನು ಪ್ರಾಮಾಣಿಕವಾಗಿ ಹುಡುಕಿದರು. ಕಂಕನಾಡಿಯ ಹೊಲಿಗೆ ಯಂತ್ರದವರಿಗೆ ಫೋನು ಮಾಡಿದರು. ಇದ್ದ ಅಂಗಡಿ ಉಳಿದರೆ ಹೊಸ ಯಂತ್ರ ಮಾರಾಟವಾಗುವುದಿಲ್ಲ ಎಂದು ಅವರು ಹೇಳಿದರು. ಅದೂ ಸರಿಯೇ.

"ನಾನೇ ಜಾಹೀರಾತು ಕೊಟ್ರೆ ಆಗ್ತದಾ ಸರ್?" ಎಂದು ರತ್ನಾವತಿ ಕೇಳಿದರು. "ರತ್ನಾ ಟೈಲರ್ಸ್ ಅಂತ?"

"ನಿಮ್ಮ ಅಂಗಡಿ ಉಳೀತದೋ ಇಲ್ಲವೋ ಅಂತ ಗೊತ್ತಾಗುವುದೇ ಉತ್ತರ ಬಂದ ಮೇಲೆ. ನಾಳೆ ಇಲ್ಲದೆ ಹೋಗುವ ಅಂಗಡಿಯ ಜಾಹೀರಾತು ಹಾಕಿದರೆ ಓದುಗಿಯರಿಗೆ ಮೋಸ ಮಾಡಿದ ಹಾಗಲ್ವಾ ತಾಯಿ?" ಎಂದು ಶೈಲೇಶ್ ಸರ್ ನೊಂದುಕೊಂಡರು. ಆಮೇಲೆ ಏನೋ ಹೊಳೆದಂತೆ, "ನಿಮ್ಮ ಮೈದುನನ ನಂಬರ್ ಉಂಟಾ?" ಎಂದರು.

ಮೈದುನನಿಗೆ ಬುದ್ಧಿ ಹೇಳುತ್ತಾರೆ ಎಂದುಕೊಂಡು ರತ್ನಾವತಿ ನಂಬರ್ ಕೊಟ್ಟರು. "ಸ್ವಲ್ಪ ಜೋರು ಮಾಡಿಯೇ ಹೇಳಿ ಸರ್," ಎಂದು ಬಾಗಿಲಿನಿಂದ ತಿರುಗಿ ಬಂದು ಹೇಳಿ ಹೋದರು.

ಮರುದಿನ ರೂಪೇಶ್ ಬಂದು 'ಶೀಘ್ರದಲ್ಲಿ ಶುಭಾರಂಭ' ಎಂಬ ಅರ್ಧ ಪುಟದ ಜಾಹೀರಾತು ಕೊಟ್ಟ. ಅವನ ಅಂಗಡಿಯೂ ಆಗ ಇರಲಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಇನ್ನು ಮುಂದೆ ಇಲ್ಲವಾಗುವ ಅಂಗಡಿ ಬೇರೆ, ಇನ್ನು ಮುಂದೆ ಇರುವ ಅಂಗಡಿ ಬೇರೆ. ಎರಡನೆಯದಕ್ಕೆ ನಮ್ಮಲ್ಲಿ ಪ್ರತ್ಯೇಕ ವಿಭಾಗವೇ ಉಂಟು.

"ಪಾಪ, ಅವಳು ನನ್ನನ್ನು ಅಕ್ಕ ಅಂತ ಕರೆದಳು," ಎಂದು ಅಲ್ಫೋನ್ಸ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ಅಕ್ಕಂದಿರು ಒಳ್ಳೇದನ್ನೇ ಹೇಳುವುದಲ್ವಾ ಮಾರಾಯ್ರೆ. ಬರೀರಿ," ಎಂದರು ಶೈಲೇಶ್ ಸರ್.

ಸಂಚಿಕೆ ಹೊರಬಂತು. 'ಪ್ರೀತಿಯ ತಂಗಿ, ಹೊಲಿಗೆಯಿಂದ ಕುತ್ತಿಗೆ ನೋವು ಬರುತ್ತದೆ. ಕುತ್ತಿಗೆ ನೋವಿನಿಂದ ಮುಖದ ಕಾಂತಿ ಕುಂದುತ್ತದೆ. ಕೋಣೆಯನ್ನು ನಗುನಗುತ್ತಾ ಬಿಟ್ಟುಕೊಡು. ತ್ಯಾಗವೇ ಹೆಣ್ಣಿನ ಒಡವೆ. ಕೆಳಗಿನ ಜಾಹೀರಾತು ನೋಡು.' ದೇಯಿಯಮ್ಮ ಇದನ್ನು ಎರಡು ಸಲ ಓದಿ, ಫೋಟೊಗೆ ಕೈಮುಗಿದು, ಕೋಣೆಯ ಬೀಗದ ಕೈಯನ್ನು ರೂಪೇಶನಿಗೆ ಕೊಟ್ಟರು.

ಶುಭಾರಂಭಕ್ಕೆ ನಮ್ಮ ಪತ್ರಿಕೆಯ ವತಿಯಿಂದ ರತ್ನಾವತಿಯವರಿಗೆ 'ವಾರದ ತ್ಯಾಗಮಯಿ' ಎಂಬ ಪಟ್ಟಿಯನ್ನು ಹೆಗಲಿಗೆ ತೊಡಿಸಿ, ಅವರಿಂದಲೇ ರಿಬ್ಬನ್ ಕತ್ತರಿಸಲಾಯಿತು. ಕತ್ತರಿ ತರಲು ಯಾರಿಗೂ ನೆನಪಿರಲಿಲ್ಲ. ಅವರು ತಮ್ಮದನ್ನೇ ಕೊಟ್ಟರು. ಆ ಫೋಟೊ ಮುಖಪುಟದಲ್ಲಿ ಬಂತು, ಮತ್ತು ಸೂಚನೆಯಲ್ಲಿ ಹೇಳಿದಂತೆ ಅವರು ಅದರಲ್ಲಿ ನಗುತ್ತಿದ್ದರು. ಒಳಗೆ 'ಹೆಣ್ಣಿಗೆ ಸ್ವಂತ ದುಡಿಮೆ ಬೇಕೇ ಬೇಕು' ಎಂಬ ವಿಶೇಷ ಲೇಖನವೂ ಇತ್ತು. ಆ ಸಂಚಿಕೆಯ ಪ್ರತಿಗಳೆಲ್ಲ ಮುಗಿದುಹೋದವು.

ಗೌರವ ಪ್ರತಿ ಕೊಡಲು ನಾನು ಉರ್ವದ ಅವರ ಮನೆಗೆ ಹೋದಾಗ ಅವರು ಅಡುಗೆಮನೆಯ ಮೆಟ್ಟಿಲಲ್ಲಿ ಕುಳಿತು ಅದೇ ಲೇಖನವನ್ನು ಓದುತ್ತಿದ್ದರು. ಪತ್ರಿಕೆ ಮಾರುವ ಅಂಗಡಿಯಿಂದ ತಾವೇ ಒಂದು ಪ್ರತಿ ಕೊಂಡು ತಂದಿದ್ದರು.

"ಭಾರೀ ಚಂದ ಬರೆದಿದ್ದೀರಿ," ಎಂದರು. "ಓದಿ ಧೈರ್ಯ ಬಂತು." ಆಮೇಲೆ ಒಳಗಿದ್ದ ಅತ್ತೆಗೆ ಕೂಗಿ ಹೇಳಿದರು: "ಹೆಂಗಸರು ಟೈಲರಿಂಗ್ ಅಂಗಡಿ ಇಡ್ಬೇಕಂತೆ ಅತ್ತೆ. ಅದಕ್ಕೆ ಮೊದಲು ರಸ್ತೆ ಬದಿಯಲ್ಲಿ ಒಂದು ಕೋಣೆ ಬೇಕಂತೆ."

"ಪತ್ರಿಕೆಯವರು ಹೇಳಿದ ಮೇಲೆ ಇಡ್ಬೇಕು," ಎಂದರು ಒಳಗಿನಿಂದ ದೇಯಿಯಮ್ಮ.

ರೂಪೇಶ್ ಹೊಸ ಅಂಗಡಿಯಿಂದ ತಲೆ ಹೊರಹಾಕಿದ. "ಕೋಣೆ ಅಲ್ವಾ? ಹುಡುಕುವ ಅತ್ತಿಗೆ," ಎಂದ. "ಉರ್ವದಲ್ಲಿ ಸಿಗುವುದು ಮಾತ್ರ ಸ್ವಲ್ಪ ಕಷ್ಟ."