ಆರ್ಗನ್ನು ಹೋದ ಮೇಲೆ ಗಿರಣಿ

ಹುಲುಗಮ್ಮನ ಹಿಟ್ಟಿನ ಗಿರಣಿ ಆ ದಿನವೇ ಬರಬಾರದಿತ್ತು. ಬಂತು. ಇಳಿಸಲು ಜಾಗವೆಲ್ಲಿ? ಕೊಟ್ಟೂರಿನ ಅವಳ ಮನೆಯ ಶೆಡ್ಡಿನಲ್ಲಿ ಆರು ತಿಂಗಳಿಂದ ಚರ್ಚಿನ ಆರ್ಗನ್ನು ಕೂತಿತ್ತು.

"ಎರಡು ದಿನ ಅಂದಿದ್ದಿ! ಸಂಜಿ ಒಳಗ ಅದು ಹೋಗ್ಬೇಕು, ಇಲ್ಲಾಂದ್ರ ನಾ ತವರಿಗೆ ಹೋಗ್ತೀನಿ," ಎಂದಳು ಗಂಡನಿಗೆ.

ಗಂಡ ಓಬಳೇಶ ಬಡಗಿ. ಹರಪನಹಳ್ಳಿಯ ಹಳೇ ಚರ್ಚು ಸೋರತೊಡಗಿ, ಆರ್ಗನ್ನು ಹಡಗಲಿಯ ಚರ್ಚಿಗೆ ಹೊರಟಾಗ, ಗೆದ್ದಲು ಹಿಡಿದ ಪೆಟ್ಟಿಗೆಯ ರಿಪೇರಿಗೆಂದು ಇಲ್ಲಿಳಿದಿತ್ತು. ನೂರಾಮೂವತ್ತು ವರ್ಷದ ಹಿಂದೆ ಹಡಗಿನಲ್ಲಿ ಬಂದು ಎತ್ತಿನ ಬಂಡಿ ಹತ್ತಿದ ವಸ್ತು. ಗಾಳಿ ಹೊಕ್ಕರೆ ನುಡಿಯುವ ನೂರಾನಾಲ್ಕು ಕೊಳವೆಗಳು, ಕೆಲವು ಪೆನ್ಸಿಲ್ಲಿನಷ್ಟು, ಕೆಲವು ಓಬಳೇಶನಿಗಿಂತ ಎತ್ತರ. ಮುಟ್ಟುವಾಗಲೆಲ್ಲ ಅವನಿಗೆ ಕೈ ಮುಗಿಯಬೇಕೆನಿಸುತ್ತಿತ್ತು.

ಮಧ್ಯಾಹ್ನ ಹಡಗಲಿ ಚರ್ಚಿನ ಸುಜಾತಾ ಟೀಚರು ಲಾರಿ ತಂದರು. "ಇಲ್ಲೇ ನುಡಿಸಿ ನೋಡ್ತೀನಿ ಓಬಳೇಶಣ್ಣ. ದನಿ ಬಂದ್ರ ಒಯ್ತೀವಿ, ಬರದಿದ್ರ ನೀವೇ ಇಟ್ಕೊಂಡು ಇನ್ನೊಮ್ಮಿ ರಿಪೇರಿ ಮಾಡ್ರಿ."

ಓಬಳೇಶನೂ ಪಕ್ಕದಂಗಡಿ ಜಂಬಣ್ಣನೂ ಆರ್ಗನ್ನಿನ ತಿದಿ ಒತ್ತಿ ಒತ್ತಿ ಬೆವೆತರು. ಗಾಳಿ ಸಾಲಲಿಲ್ಲ. ಕೊನೆಗೆ ಓಬಳೇಶ ಗಿರಣಿಯ ಮೋಟರಿಗೆ ಬೆಲ್ಟು ಹಾಕಿ ತಿದಿಗೆ ಬಿಗಿದ.

"ಹೊಸಾ ಮೋಟರ್, ಪೂಜಿ ಇಲ್ದ ಚಾಲೂ ಮಾಡ್ತಾರೇನು?" ಎಂದು ಎದುರುಮನೆಯ ಗುರುಬಸಮ್ಮ ವಿಭೂತಿ, ನಿಂಬೆಹಣ್ಣು ಹಿಡಿದು ಬಂದಳು.

ಪೂಜೆ ಮುಗಿಯಿತು. ಸ್ವಿಚ್ಚು ಒತ್ತಿದರು. ಟೀಚರು ಕೀಲಿಮಣೆಗೆ ಬೆರಳಿಟ್ಟರೆ ಮುದಿ ಎಮ್ಮೆ ಉಸಿರುಬಿಟ್ಟಂಥ ಸದ್ದು, ಅಷ್ಟೇ. ಓಬಳೇಶ ಏಣಿ ತಂದ. ಹತ್ತಿ ನೋಡಿದರೆ, ದೊಡ್ಡ ಕೊಳವೆಗಳ ಬಾಯಿಗೆಲ್ಲ ಒಂದೊಂದು ನಿಂಬೆಹಣ್ಣು!

"ದೃಷ್ಟಿ ಆಗಬಾರ್ದಂತ ಏಣಿ ಹತ್ತಿ ನಾನೇ ಇಟ್ಟೀನಿ," ಎಂದಳು ಗುರುಬಸಮ್ಮ ಹೆಮ್ಮೆಯಿಂದ.

ಹಣ್ಣು ತೆಗೆದರು. ಟೀಚರು ಮತ್ತೆ ಬೆರಳಿಟ್ಟರು.

ಶೆಡ್ಡಿನ ತಗಡು ನಡುಗಿತು. ದನಿ ನೆಲದಿಂದೆದ್ದು ಅಂಗಾಲು ಹಿಡಿದು ಎದೆಗೇರಿತು. ರಸ್ತೆಯಲ್ಲಿ ಮಂಡಕ್ಕಿ ಗಾಡಿ ನಿಂತಿತು. ಜಂಬಣ್ಣ ತಲೆಯ ಟವೆಲ್ಲು ತೆಗೆದ. ಆರು ತಿಂಗಳು ತಾನು ಒರೆಸಿಟ್ಟ ತಣ್ಣನೆಯ ಕೊಳವೆಗಳಲ್ಲಿ ಇಷ್ಟು ದೊಡ್ಡದೇನೋ ಅಡಗಿತ್ತೆಂದು ಓಬಳೇಶನಿಗೆ ನಂಬಲಾಗಲಿಲ್ಲ, ಕಣ್ಣು ತುಂಬಿಬಂತು. ನುಡಿ ನಿಂತ ಮೇಲೂ ಹುಲುಗಮ್ಮ ಮೋಟರಿನ ಪಕ್ಕದಲ್ಲೇ ನಿಂತಿದ್ದಳು.

ಸಂಜೆಯೊಳಗೆ ಲಾರಿ ಹೊರಟಿತು. ಓಬಳೇಶ ಉತ್ಸಾಹದಿಂದ ಗಿರಣಿಯನ್ನು ಒಳಗೆಳೆದ.

"ಲೇ, ಮೋಟರ್ ಎಲ್ಲೈತಿ?"

ಹುಲುಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಟೀಚರಿಗೆ ಕೊಟ್ಟೆ. ಅಂಥಾ ದನಿಗೆ ಉಸಿರು ಬ್ಯಾಡೇನು?"

"ಗಿರಣಿಗೆ?"

"ತಿದಿ ಎಷ್ಟು ಚಲೋ ಒತ್ತಿದಿ! ಒಂದು ಹಿಡಿಕಿ ಜೋಡ್ಸು, ಹಂಗ ತಿರುವು. ನಾಳಿ ಮುಂಜಾನಿ ಜೋಳ ಬರ್ತಾವ."

ಗುರುಬಸಮ್ಮ ಓಬಳೇಶನ ಹಣೆಗೆ ವಿಭೂತಿ ಹಚ್ಚಿ, ಉಳಿದೊಂದು ನಿಂಬೆಹಣ್ಣು ಅವನ ಕೈಯಲ್ಲಿಟ್ಟಳು.