ಇಡೀ ಮನೆಗೊಂದು ಫಿಲ್ಟರು

ಬಾಡಿಗೆಗೆ ಮನೆ ನೋಡಲು ಹೋದವರು ಗೋಡೆ ತಟ್ಟಿ ನೋಡುತ್ತಾರೆ, ಕಿಟಕಿ ತೆರೆದು ನೋಡುತ್ತಾರೆ, ಅಕ್ಕಪಕ್ಕದವರ ಮುಖವನ್ನೂ ಒಮ್ಮೆ ನೋಡಿಕೊಳ್ಳುತ್ತಾರೆ. ನೀರು ಕುಡಿದು ನೋಡುವವರು ಕಡಿಮೆ. ಎಪ್ಪತ್ತರ ದಶಕದ ಕೊನೆಯಲ್ಲಿ ಪಾವಗಡದ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟರಾಗಿ ಹೋದಾಗ ನಾನೂ ಕುಡಿದು ನೋಡಲಿಲ್ಲ. ಹಿತ್ತಲಲ್ಲೇ ಬಾವಿ ಇದೆ ಎಂಬ ಒಂದೇ ಮಾತಿಗೆ ಮರುಳಾಗಿ ಒಪ್ಪಿಕೊಂಡುಬಿಟ್ಟೆ. ಬಾವಿ ಇತ್ತು, ಅದರ ತುಂಬ ನೀರೂ ಇತ್ತು. ಆದರೆ ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಬಿಡುತ್ತಿರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದ ನನ್ನ ಹೆಂಡತಿ ರತ್ನ, ಸಾರಿಗೆ ಉಪ್ಪು ಹಾಕುವುದನ್ನೇ ಮರೆತ ದಿನ ನಾನು ಊಟ ಮುಗಿಸಿ, ಇವತ್ತು ಎಲ್ಲ ಹದವಾಗಿದೆ ಎಂದು ಹೊಗಳಿದ್ದೆ.

ರತ್ನಳ ತೌರು ಚನ್ನರಾಯನದುರ್ಗ. ಅಲ್ಲಿ ಬೆಟ್ಟದ ತಪ್ಪಲಿನ ಬಾವಿಯ ನೀರು ಕುಡಿದು ಬೆಳೆದವಳಿಗೆ ನಮ್ಮ ಬಾವಿಯ ನೀರು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈ ಸುದ್ದಿ ಅವಳ ತಂದೆ ಸಿದ್ದಪ್ಪನವರಿಗೆ ಹೇಗೋ ತಲುಪಿತು. ನಮ್ಮ ಮಾವ ಕುರಿ ಸಾಕಿ ಮಕ್ಕಳನ್ನು ಓದಿಸಿದವರು. ಹೆಗಲ ಮೇಲೆ ಕಂಬಳಿ ಇಲ್ಲದೆ ಅವರನ್ನು ನಾನು ನೋಡಿದ್ದು ನಮ್ಮ ಮದುವೆಯ ದಿನ ಮಾತ್ರ. ಒಂದು ಭಾನುವಾರ ಅವರು ದೊಡ್ಡ ಪ್ಲಾಸ್ಟಿಕ್ ಕ್ಯಾನಿನ ತುಂಬ ತಮ್ಮೂರಿನ ನೀರು ಹೊತ್ತುಕೊಂಡು, ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿ, ನಮ್ಮ ಮನೆಗೆ ಬಂದಿಳಿದರು. ಹಿತ್ತಲ ಬಾವಿಯ ನೀರನ್ನು ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗಿದು, “ನಮ್ ಕುರಿಗಳೂ ಇದುನ್ನ ಮೂಸಿ ನೋಡಿ ಅತ್ಲಾಗೆ ಹೋಗ್ತವೆ ಕಣಮ್ಮ” ಎಂದರು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅದೊಂದು ಪದ್ಧತಿಯಾಯಿತು. ಪ್ರತಿ ಸಲವೂ ದಾರಿಯ ಕಥೆ ಇರುತ್ತಿತ್ತು. ಕಂಡಕ್ಟರು ಸೀಮೆಎಣ್ಣೆ ಎಂದು ತಿಳಿದು ಕ್ಯಾನು ಇಳಿಸಲು ಹೊರಟದ್ದು, ನೀರು ಎಂದು ರುಜುವಾತು ಮಾಡಲು ಅವನಿಗೇ ಕುಡಿಸಿದ್ದು, ಅವನು ಕುಡಿದದ್ದನ್ನು ಕಂಡು ಪಕ್ಕದ ಸೀಟಿನ ಬಾಣಂತಿ ಕೇಳಿದ್ದು, ಆಮೇಲೆ ಅರ್ಧ ಬಸ್ಸೇ ಬೊಗಸೆ ಒಡ್ಡಿದ್ದು. ಮಾವ ಉಳಿದ ನೀರನ್ನು ಗಡಿಗೆಗೆ ತಾವೇ ಬಗ್ಗಿಸಿ, ಅಡುಗೆಮನೆಯ ಹೊಸಿಲ ಬಳಿ ಗೋಡೆಗೆ ಒರಗಿ ಕೂರುತ್ತಿದ್ದರು. ರತ್ನ ಮುದ್ದೆ ತಿರುವುತ್ತಿದ್ದಳು. ಅಪ್ಪ ಮಗಳು ಊರಿನ ಕುರಿಗಳ ಬಗ್ಗೆ ಮನುಷ್ಯರ ಬಗ್ಗೆ ಮಾತಾಡಿದಂತೆ ಹೆಸರು ಹಿಡಿದು ಮಾತಾಡುತ್ತಿದ್ದರು. ಹೊರಗೆ ಪೇಪರು ಹಿಡಿದು ಕೂತ ನನಗೆ ಸತ್ತದ್ದು ಕುರಿಯೋ, ಸಂಬಂಧಿಕರೋ ತಿಳಿಯದೆ, ಯಾವ ಮುಖಭಾವ ಇಟ್ಟುಕೊಳ್ಳಬೇಕೆಂದು ಗೊತ್ತಾಗುತ್ತಿರಲಿಲ್ಲ.

ಇದು ಹೀಗೆಯೇ ನಡೆದುಕೊಂಡು ಹೋಗಬಹುದಿತ್ತು. ಆದರೆ ಸ್ಟಾಫ್ ರೂಮಿನಲ್ಲಿ ನಮ್ಮ ಡ್ರಿಲ್ ಮೇಷ್ಟರು ಒಂದು ದಿನ ಎಲ್ಲರೆದುರಿಗೆ, “ಏನ್ಸಾ, ಕುಡಿಯೋ ನೀರೂ ಮಾವನ ಮನೆಯಿಂದಲೇ ಬರ್ತದಂತೆ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮುಂದಿನ ಶನಿವಾರವೇ ಫಿಲ್ಟರು ಕೊಳ್ಳಲು ಶಿರಾದ ಬಸ್ಸು ಹತ್ತಿದ್ದೆ.

ಶಿರಾದ ಪಾತ್ರೆ ಅಂಗಡಿಯ ಸಾಹೇಬರು ತುಂಬ ತಾಳ್ಮೆಯ ಮನುಷ್ಯ. ಸ್ಟೀಲಿನದು, ಪಿಂಗಾಣಿಯದು, ಒಳಗೆ ನೀರು ಸೋಸುವ ಕ್ಯಾಂಡಲು ಒಂದಿದ್ದದ್ದು, ಎರಡಿದ್ದದ್ದು ಎಲ್ಲ ಇಳಿಸಿ ತೋರಿಸಿದರು. ನನಗೆ ಎಲ್ಲವೂ ಚಿಕ್ಕದಾಗಿ ಕಂಡವು. ಕುಡಿಯುವ ನೀರಿಗಷ್ಟೇ ಫಿಲ್ಟರು ಇಟ್ಟರೆ ಸ್ನಾನಕ್ಕೆ, ಬಟ್ಟೆಗೆ ಏನು ಗತಿ ಎಂದು ವಾದಿಸಿದೆ. ಅವರು ಬೇಸತ್ತು, “ಪೂರಾ ಮನೆಗೇ ಬೇಕಂದ್ರೆ ಟ್ಯಾಂಕೇ ಕಟ್ಟಿಸ್ಕೋಬೇಕು ಮೇಷ್ಟ್ರೇ” ಎಂದರು. ಅದು ನನ್ನನ್ನು ಸಾಗಹಾಕಲು ಆಡಿದ ಮಾತು. ನಾನು ಅದನ್ನು ಸಲಹೆ ಎಂದು ಸ್ವೀಕರಿಸಿ ಬರಿಗೈಲಿ, ಬಹಳ ಉತ್ಸಾಹದಿಂದ ವಾಪಸು ಬಂದೆ.

ಮನೆಯ ಮಾಲೀಕರು ಸಂತೋಷದಿಂದ ಒಪ್ಪಿದರು. ನಾನು ವರ್ಗವಾಗಿ ಹೋಗುವಾಗ ಟ್ಯಾಂಕನ್ನು ಹೊತ್ತುಕೊಂಡು ಹೋಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹಿತ್ತಲಲ್ಲಿ ಒಂದರ ಕೆಳಗೊಂದು ಎರಡು ಸಿಮೆಂಟಿನ ತೊಟ್ಟಿ ಎದ್ದವು. ಮೇಲಿನದಕ್ಕೆ ಜಲ್ಲಿ, ಮರಳು, ಇದ್ದಿಲು ತುಂಬಿಸಿದೆ. ಎಂಟನೇ ಕ್ಲಾಸಿನ ಹುಡುಗರಿಗೆ ಬೋರ್ಡಿನ ಮೇಲೆ ಇದೇ ಚಿತ್ರ ಬರೆದು ಕೈ ಪಳಗಿತ್ತು. ಕರಗಿದ ಉಪ್ಪು ಸೋಸುವುದರಿಂದ ಹೋಗುವುದಿಲ್ಲ ಎಂಬುದೂ ಅದೇ ಪಾಠದಲ್ಲಿತ್ತು. ಅದನ್ನೂ ನಾನೇ ಕಲಿಸುತ್ತಿದ್ದೆ. ಮಾಡುವ ಪಾಠ ಮನೆಗೂ ಅನ್ವಯಿಸುತ್ತದೆ ಎಂದು ಯಾವ ಮೇಷ್ಟರಿಗೂ ಹೊಳೆಯುವುದಿಲ್ಲ. ಕೊಳಾಯಿ ತಿರುಗಿಸಿದಾಗ ನೀರು ಕನ್ನಡಿಯಂತೆ ಬಂತು. ರತ್ನ ಕುಡಿದು, “ತಿಳಿಯಾಗೈತೆ” ಎಂದಷ್ಟೇ ಹೇಳಿ ಒಳಗೆ ಹೋದಳು.

ಮಾವ ಬಂದಾಗ ಕ್ಯಾನು ಇಳಿಸಲೂ ಬಿಡದೆ ಹಿತ್ತಲಿಗೆ ಕರೆದೊಯ್ದು ತೋರಿಸಿದೆ. ಇನ್ನು ಮುಂದೆ ಅವರಿಗೆ ಈ ವಯಸ್ಸಿನಲ್ಲಿ ನೀರು ಹೊರುವ ಕಷ್ಟವಿಲ್ಲ ಎಂದೆ. ಅವರು ತೊಟ್ಟಿಯ ಸುತ್ತ ಒಂದು ಸುತ್ತು ಬಂದು, ಲೋಟ ತುಂಬ ಹಿಡಿದು ಪೂರ್ತಿ ಕುಡಿದು, ಕಂಬಳಿಯ ಅಂಚಿನಿಂದ ಬಾಯಿ ಒರೆಸಿಕೊಂಡರು. “ಚೆನ್ನಾಗೈತೆ ಅಳಿಯಂದ್ರೆ. ಇನ್ ನಮ್ ನೀರ್ಯಾಕೆ ಬುಡಿ” ಎಂದರು. ಅಂದು ಊಟ ಮಾಡಿ ಬೇಗನೆ ಹೊರಟರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

ಗೌರಿ ಹಬ್ಬಕ್ಕೆ ಬಾಗಿನ ತಂದವನು ರತ್ನಳ ಅಣ್ಣ. ಅಪ್ಪ ಯಾಕೆ ಬರಲಿಲ್ಲ ಎಂದು ಅವಳು ಕೇಳಿದಾಗ, “ಅಲ್ಲೇನ್ ಕೆಲ್ಸ ನಂಗೆ, ನೀರು ಸರಿ ಹೋಯ್ತಲ್ಲ ಅಂತಾನೆ ಕಣಮ್ಮ” ಎಂದ. ಅವನು ಹೋದ ಮೇಲೆ ರತ್ನ ಅರಿಶಿನದ ಬಟ್ಟಲು ಎತ್ತಿಡುತ್ತ, “ನಮ್ಮಪ್ಪ ನೀರು ಕೊಡಾಕೆ ಬರ್ತಿದ್ದ ಅಂದ್ಕೊಂಡಿದ್ರಾ ನೀವು?” ಎಂದಳು. ಜಗಳದ ದನಿಯಲ್ಲ.

ಆ ವಾರವೇ ಚನ್ನರಾಯನದುರ್ಗಕ್ಕೆ ಹೋದೆ. ಮಾವ ಜಗಲಿಯ ಮೇಲೆ ಕೂತು ಉಣ್ಣೆ ಬಿಡಿಸುತ್ತಿದ್ದರು. ಫಿಲ್ಟರು ಕೆಟ್ಟುಹೋಯಿತು ಎಂದು, ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದ ಸುಳ್ಳನ್ನು ಹೇಳಿದೆ.

ಅವರು ತಲೆ ಎತ್ತದೆ, “ಅದು ಅವತ್ತೂ ಸರಿಯಾಗಿರ್ಲಿಲ್ಲ ಬುಡಿ. ಉಪ್ಪುಪ್ಪಾಗೇ ಇತ್ತು” ಎಂದರು.

“ಮತ್ತೆ ಚೆನ್ನಾಗಿದೆ ಅಂದ್ರಿ?”

“ಅಷ್ಟು ಆಸೆ ಪಟ್ಟು ತೋರಿಸಿದ್ರಿ. ಚೆಂದಾಗಿಲ್ಲ ಅನ್ನೋಕಾಯ್ತದಾ?”

ನೀರಿನ ಮಾತು ಹಾಗಿರಲಿ, ಮಗಳನ್ನು ನೋಡಲು ಬನ್ನಿ ಎಂದೆ. ಅವರು ಉಣ್ಣೆಯನ್ನು ಪಕ್ಕಕ್ಕಿಟ್ಟು, “ಹೆಣ್ಣು ಕೊಟ್ಟ ಮನೆಗೆ ವಾರವಾರ ಸುಮ್ ಸುಮ್ಕೆ ಹೆಂಗೆ ಬರೋದು ಅಳಿಯಂದ್ರೆ? ನಿಮ್ಗೂ ಒಂದ್ ಮರ್ವಾದೆ ಐತೆ” ಎಂದರು.

ಆಮೇಲೂ ಬಂದರು. ಒಮ್ಮೆ ಹುರುಳಿ, ಒಮ್ಮೆ ಅವರೆಕಾಯಿ ಹಿಡಿದುಕೊಂಡು. ಆದರೆ ನಡುಮನೆಯ ಕುರ್ಚಿಯ ಮೇಲೆ ನೆಂಟರ ಹಾಗೆ ಕೂತು, ಕಾಫಿ ಕುಡಿದು, ಕೊನೆಯ ಬಸ್ಸಿಗೆ ಇನ್ನೂ ಹೊತ್ತಿರುವಾಗಲೇ ಏಳುತ್ತಿದ್ದರು. ಒಳಗೆ ಬಂದು ಕೂತುಕೋ ಎಂದು ರತ್ನ ಕರೆದರೆ, “ಇರ್ಲಿ ಬುಡಮ್ಮ, ಇಲ್ಲೇ ಗಾಳಿ ಬತ್ತೈತೆ” ಎನ್ನುತ್ತಿದ್ದರು. ಮರುವರ್ಷದ ಬೇಸಿಗೆಯಲ್ಲಿ ಜ್ವರ ಬಂದು ಮಲಗಿದವರು ಏಳಲಿಲ್ಲ. ರತ್ನ ಆ ಟ್ಯಾಂಕಿನ ನೀರಿನಲ್ಲೇ ದಿನವೂ ಬಟ್ಟೆ ಒಗೆದಳು.

ಈಗ ಮಧುಗಿರಿಗೆ ವರ್ಗವಾಗಿ ಬಂದಿದ್ದೇವೆ. ಮೊನ್ನೆ ಹೊಸದಾಗಿ ಮದುವೆಯಾದ ನಮ್ಮ ಕನ್ನಡ ಮೇಷ್ಟರು, ಇಡೀ ಮನೆಗೆ ಫಿಲ್ಟರು ಕಟ್ಟಿಸಿದವನು ಎಂದು ನನ್ನ ಕೀರ್ತಿ ಕೇಳಿ, ಯಾವುದನ್ನು ತೆಗೆದುಕೊಳ್ಳಲಿ ಸಾರ್ ಎಂದು ವಿಚಾರಿಸಲು ಮನೆಗೆ ಬಂದಿದ್ದರು. ನಾನು, “ನಿಮ್ಮ ಮಾವನವರು ಏನಾದರೂ ತಂದುಕೊಡುತ್ತಾರೆಯೇ?” ಎಂದು ಕೇಳಿದೆ. ನಾನು ವರದಕ್ಷಿಣೆಯ ಲೆಕ್ಕ ಕೇಳುತ್ತಿದ್ದೇನೆಂದು ತಿಳಿದ ಆ ಹುಡುಗನ ಮುಖ ಕೆಂಪಾಯಿತು. “ಅವರ ಮನೆಯಿಂದ ಒಂದು ಲೋಟ ನೀರನ್ನೂ ತಗೊಂಡವನಲ್ಲ ಸಾರ್ ನಾನು” ಎಂದು ಎದೆ ಸೆಟೆಸಿ ಹೇಳಿದ. ಒಳಗೆ ರತ್ನಳ ಕೈಯಲ್ಲಿದ್ದ ಪಾತ್ರೆಯ ಸದ್ದು ನಿಂತಿತು. ನಾನು ಕ್ಯಾಂಡಲ್ ಫಿಲ್ಟರುಗಳ ಬಗ್ಗೆ ಗಂಭೀರವಾಗಿ ಮಾತಾಡತೊಡಗಿದೆ.